ನೀಲಿ ಬೆಳಕು ಕಂಡರೆ ಸಾಕಾ? ಮನೆಯ ಗಾಳಿಗೆ ಯುವಿ ದೀಪ ಹಾಕಿಸುವ ಮೊದಲು

ನಾನು ಎಸಿ ಬಿಚ್ಚುವವನು. 19 ವರ್ಷದಿಂದ ಇದೇ ಕೆಲಸ. ನೀವು ನಿಮ್ಮ ಎಸಿಯ ಬಿಳಿ ಮುಖ ನೋಡಿರುತ್ತೀರಿ, ನಾನು ಅದರ ಹೊಟ್ಟೆ ನೋಡಿರುತ್ತೇನೆ. ಗಾಳಿಯನ್ನು ತಣ್ಣಗೆ ಮಾಡುವ ಕಾಯಿಲ್ ಮೇಲೆ ಬೂದು ಕಂಬಳಿ ಹೊದಿಸಿದ ಹಾಗೆ ಧೂಳು. ಅದರ ಕೆಳಗೆ ನೀರು ಬೀಳುವ ಟ್ರೇಯಲ್ಲಿ ಲೋಳೆ. ಬ್ಲೋವರ್ ರೆಕ್ಕೆಗಳ ಮೇಲೆ ಕರಿ ಬೂಷ್ಟಿನ ಚುಕ್ಕೆ. ಆ ರೆಕ್ಕೆ ಬೀಸಿದ ಗಾಳಿಯನ್ನೇ ಮನೆಯವರು ರಾತ್ರಿಯಿಡೀ ಉಸಿರಾಡಿರುತ್ತಾರೆ.

ಈಚೆಗೆ ಸರ್ವಿಸಿಗೆ ಹೋದಲ್ಲೆಲ್ಲ ಒಂದೇ ಪ್ರಶ್ನೆ. "ಅಣ್ಣಾ, ಇದಕ್ಕೊಂದು ಯುವಿ ಲೈಟ್ ಹಾಕಿಬಿಡಿ. ಗಾಳಿ ಎಲ್ಲಾ ಕ್ಲೀನ್ ಆಗುತ್ತಂತೆ ಅಲ್ವಾ?" ಹಾಕಿಕೊಟ್ಟಿದ್ದೇನೆ. ಆದರೆ ಕೇಳಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಬೇಡ ಎಂದು ಹೇಳಿ ಬಂದಿದ್ದೇನೆ. ಕೆಲಸ ಬಿಟ್ಟುಕೊಂಡು ಬರುವವನನ್ನು ನೋಡಿ ಅವರಿಗೂ ಆಶ್ಚರ್ಯ. ಯಾರಿಗೆ ಬೇಕು, ಯಾರಿಗೆ ಬೇಡ, ಹಾಕಿಸುವುದಾದರೆ ಏನು ನೋಡಬೇಕು ಅನ್ನುವುದನ್ನು ಪ್ರತಿ ಮನೆಯಲ್ಲೂ ನಿಂತು ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಯುವಿ ಏನು ಮಾಡುತ್ತದೆ

ಯುವಿ ಅಂದರೆ ನೇರಳಾತೀತ ಕಿರಣ. ಅದರಲ್ಲಿ ಎ, ಬಿ, ಸಿ ಅಂತ ಮೂರು ಬಗೆ. ಗಾಳಿಗೆ ಬಳಸುವುದು ಸಿ. 200ರಿಂದ 280 ನ್ಯಾನೋಮೀಟರ್ ಉದ್ದದ ಅಲೆ. ಸೂರ್ಯನಿಂದ ಈ ಕಿರಣ ಹೊರಟರೂ ನೆಲದವರೆಗೆ ಬರುವುದಿಲ್ಲ, ಮೇಲೆ ಓಝೋನ್ ಪದರವೇ ತಡೆದುಬಿಡುತ್ತದೆ. ಹಾಗಾಗಿ ಅದನ್ನು ತಾಳಿಕೊಂಡು ಅಭ್ಯಾಸ ರೋಗಾಣುಗಳಿಗೂ ಇಲ್ಲ, ನಮ್ಮ ಕಣ್ಣಿಗೂ ಇಲ್ಲ.

ಸಾಮಾನ್ಯವಾಗಿ ಸಿಗುವ ದೀಪ ಪಾದರಸದ ಆವಿಯದು. ಟ್ಯೂಬ್‌ಲೈಟಿನ ಒಡಹುಟ್ಟು. ಟ್ಯೂಬ್‌ಲೈಟಿನ ಒಳಗೂ ಹುಟ್ಟುವುದು ಇದೇ ಕಿರಣ. ಅಲ್ಲಿ ಗಾಜಿನ ಒಳಮೈಗೆ ಬಳಿದ ಬಿಳಿ ಪುಡಿ ಅದನ್ನು ಕಣ್ಣಿಗೆ ಕಾಣುವ ಬೆಳಕಾಗಿ ಮಾಡುತ್ತದೆ. ಇಲ್ಲಿ ಆ ಪುಡಿ ಇಲ್ಲ. ಮಾಮೂಲಿ ಗಾಜಿನ ಬದಲು ಕ್ವಾರ್ಟ್ಜ್ ಅಥವಾ ಅಂಥದ್ದೇ ವಿಶೇಷ ಗಾಜು. ಅದರಿಂದ 253.7 ನ್ಯಾನೋಮೀಟರಿನ ಕಿರಣ ನೇರವಾಗಿ ಹೊರಗೆ ಬರುತ್ತದೆ. ಡಬ್ಬದ ಮೇಲೆ 254 ಅಂತ ಬರೆದಿರುತ್ತಾರೆ.

ಈ ಕಿರಣ ರೋಗಾಣುವಿನ ಡಿಎನ್‌ಎಗೆ ಬಿದ್ದರೆ ಅದರಲ್ಲಿರುವ ಥೈಮಿನ್ ಎಂಬ ತುಣುಕುಗಳಲ್ಲಿ ಪಕ್ಕಪಕ್ಕದ ಎರಡು ಒಂದಕ್ಕೊಂದು ಬೆಸೆದುಕೊಂಡುಬಿಡುತ್ತವೆ. ಬ್ಯಾಗಿನ ಝಿಪ್ಪಿನಲ್ಲಿ ಎರಡು ಹಲ್ಲು ಅಂಟಿಕೊಂಡರೆ ಝಿಪ್ ಮುಂದೆ ಹೋಗುವುದಿಲ್ಲ ಅಲ್ವಾ, ಹಾಗೆ. ಅದಕ್ಕೆ ತನ್ನ ಪ್ರತಿ ಮಾಡಿಕೊಳ್ಳಲು ಆಗುವುದಿಲ್ಲ, ಮರಿ ಹಾಕುವುದಿಲ್ಲ.

ಇಲ್ಲೊಂದು ಮಾತು ಗಮನಿಸಿ. ರೋಗಾಣು ಸತ್ತಿತು ಅಂದರೆ ಮಾಯವಾಯಿತು ಅಂತ ಅಲ್ಲ. ಅದರ ಹೆಣ ಗಾಳಿಯಲ್ಲೇ ಇರುತ್ತದೆ. ಬೂಷ್ಟಿನ ಕಣ ಸತ್ತಿದ್ದರೂ ಅಲರ್ಜಿ ಇರುವವರಿಗೆ ಸೀನು ತರಿಸುತ್ತದೆ. ಧೂಳು, ಹೊಗೆ, ಹೂವಿನ ಪರಾಗ, ಬೆಕ್ಕಿನ ಕೂದಲು, ಹೊಸ ಪೇಂಟಿನ ವಾಸನೆ ಇವಕ್ಕೆಲ್ಲ ಯುವಿ ದೀಪ ಏನೂ ಮಾಡುವುದಿಲ್ಲ. ಕೋಣೆಯಲ್ಲಿ ಉಸಿರು ಕಟ್ಟಿದ ಹಾಗೆ ಆಗುತ್ತದೆ ಅನ್ನುತ್ತೀರಲ್ಲ, ಅದಕ್ಕೂ ಅಷ್ಟೇ. ಅದು ಹಳಸಿದ ಗಾಳಿ. ಅದಕ್ಕೆ ಕಿಟಕಿ ಬೇಕು, ದೀಪ ಅಲ್ಲ. ನನಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಧೂಳು, ವಾಸನೆ, ಸೀನು ಇವುಗಳ ಬಗ್ಗೆಯೇ. ಬೇಡ ಅಂತ ಹೇಳಿ ಬರುವುದು ಈ ಕಾರಣಕ್ಕೆ.

ಹಾಗಾದರೆ ಇದು ಸುಮ್ನೆ ಮೋಸವಾ? ಅಲ್ಲ. ಬಿಸಿಲು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ ಅಂತ ಡೌನ್ಸ್ ಮತ್ತು ಬ್ಲಂಟ್ ಎಂಬ ಇಬ್ಬರು ಇಂಗ್ಲೆಂಡಿನಲ್ಲಿ 1877ರಲ್ಲೇ ತೋರಿಸಿದ್ದರು. ನನಗೆ ಇಷ್ಟವಾದದ್ದು ರಿಚರ್ಡ್ ರೈಲಿ ಎಂಬ ವೈದ್ಯರು 1950ರ ದಶಕದಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಮಾಡಿದ ಪ್ರಯೋಗ. ಕ್ಷಯ ರೋಗಿಗಳಿದ್ದ ವಾರ್ಡಿನ ಗಾಳಿಯನ್ನು ಡಕ್ಟಿನಲ್ಲಿ, ಅಂದರೆ ಗಾಳಿ ಸಾಗುವ ಕೊಳವೆಯಲ್ಲಿ, ಎಳೆದು ಗಿನಿಯಿಲಿಗಳ ಪಂಜರಕ್ಕೆ ಬಿಟ್ಟರು. ಆ ಗಾಳಿ ಕುಡಿದ ಇಲಿಗಳಿಗೆ ಕ್ಷಯ ಬಂತು. ಅದೇ ವಾರ್ಡಿನ ಗಾಳಿಯನ್ನು ಇನ್ನೊಂದು ಡಕ್ಟಿನಲ್ಲಿ ಯುವಿ ದೀಪಗಳ ಮುಂದೆ ಹಾಯಿಸಿ ಬೇರೆ ಇಲಿಗಳಿಗೆ ಕೊಟ್ಟರು. ಅವುಗಳಲ್ಲಿ ಒಂದಕ್ಕೂ ಬರಲಿಲ್ಲ. ಡಕ್ಟು, ಫ್ಯಾನು, ದೀಪ, ಎಲ್ಲಾ ನನ್ನ ಕಸುಬಿನ ಸಾಮಾನೇ. ಓದಿದಾಗ ಖುಷಿಯಾಗಿತ್ತು.

ಅದಕ್ಕೂ ಮೊದಲು ವಿಲಿಯಂ ವೆಲ್ಸ್ ಎಂಬವರು ಶಾಲೆಗಳಲ್ಲಿ ಇಂಥ ದೀಪ ಹಾಕಿ ದಡಾರ ಹರಡುವುದನ್ನು ತಗ್ಗಿಸಿದ್ದರು. ಬೇರೆ ಊರುಗಳಲ್ಲಿ ಮಾಡಿ ನೋಡಿದಾಗ ಅಷ್ಟು ಫಲ ಕಾಣಲಿಲ್ಲ. ಅಲ್ಲಿಯ ಮಕ್ಕಳು ಒಂದೇ ಶಾಲಾ ಬಸ್ಸಿನಲ್ಲಿ ಒತ್ತೊತ್ತಾಗಿ ಕೂತು ಬರುತ್ತಿದ್ದರು. ಬಸ್ಸಿನಲ್ಲಿ ದೀಪ ಇರಲಿಲ್ಲ.

ದೀಪಕ್ಕೆ ಮೊದಲು

ನನ್ನ ಚೀಲದಲ್ಲಿ ಯುವಿ ದೀಪಕ್ಕಿಂತ ಮೇಲೆ ಎರಡು ಪುಟ್ಟ ಮೀಟರ್ ಇರುತ್ತವೆ. ಒಂದು ತೇವಾಂಶದ್ದು, ಇನ್ನೊಂದು ಕಾರ್ಬನ್ ಡೈಆಕ್ಸೈಡಿನದ್ದು. ಹೊರಗಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ 420 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 420 ಪಾಲು, ಆಸುಪಾಸು ಇರುತ್ತದೆ. ಬಾಗಿಲು ಹಾಕಿ ಮೂವರು ಮಲಗಿದ ಕೋಣೆಯಲ್ಲಿ ಬೆಳಗ್ಗೆ ನೋಡಿದರೆ 2000 ದಾಟಿದ್ದನ್ನು ಕಂಡಿದ್ದೇನೆ. ಅಂದರೆ ಒಬ್ಬರು ಬಿಟ್ಟ ಉಸಿರನ್ನೇ ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದಾರೆ. ಅಂಥ ಕೋಣೆಗೆ ಮೊದಲ ಔಷಧಿ ಕಿಟಕಿಯನ್ನು ನಾಲ್ಕು ಬೆರಳು ತೆರೆದಿಡುವುದು, ಇಲ್ಲವೇ ಎಕ್ಸಾಸ್ಟ್ ಫ್ಯಾನ್.

ತೇವಾಂಶ 60 ಶೇಕಡ ದಾಟಿದರೆ ಗೋಡೆಯಲ್ಲೂ ಕಾಯಿಲ್‌ನಲ್ಲೂ ಬೂಷ್ಟು ಬರುತ್ತದೆ. ತೇವ ಜಾಸ್ತಿ ಇದ್ದಷ್ಟೂ ಯುವಿಯ ಏಟು ಕೂಡ ಸಡಿಲವಾಗುತ್ತದೆ. ಹಾಗಾಗಿ ಗೋಡೆ ಒದ್ದೆಯಾಗಿದ್ದರೆ ನೀರು ಎಲ್ಲಿಂದ ಇಳಿಯುತ್ತಿದೆ ಅಂತ ಮೊದಲು ಹುಡುಕಿ.

ಧೂಳಿಗೆ ಫಿಲ್ಟರ್. ಹೆಪಾ ಫಿಲ್ಟರ್ ಅಂದರೆ 0.3 ಮೈಕ್ರಾನ್ ಕಣಗಳಲ್ಲಿ 99.97 ಶೇಕಡ ಹಿಡಿಯುವಂಥದ್ದು. ರೋಗಾಣುಗಳು ಬರುವುದು ನಮ್ಮ ಬಾಯಿಂದ ಹೊರಟ ತುಂತುರಿನ ಮೇಲೆ ಕೂತು. ಆ ತುಂತುರನ್ನೂ ಅದೇ ಫಿಲ್ಟರ್ ಹಿಡಿಯುತ್ತದೆ. ಒಂದು ಚಿಕ್ಕ ಮಲಗುವ ಕೋಣೆಗೆ ಒಳ್ಳೆಯ ಹೆಪಾ ಪ್ಯೂರಿಫೈಯರ್ ಇದ್ದರೆ ಯುವಿ ಬೇಕಾಗುವುದೇ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ಕೋಣೆಗೆ ಎಷ್ಟು ಗಾಳಿ ಬೇಕು ಅಂತ ಲೆಕ್ಕ ಹಾಕುವುದು ಸುಲಭ. ಉದ್ದ 4 ಮೀಟರ್, ಅಗಲ 3.5, ಎತ್ತರ 3 ಅಂದರೆ 42 ಘನ ಮೀಟರ್. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2023ರಲ್ಲಿ ಹೇಳಿದ್ದು ಗಂಟೆಗೆ ಕನಿಷ್ಠ 5 ಸಲ ಕೋಣೆಯಷ್ಟು ಶುದ್ಧ ಗಾಳಿ ಸಿಗಲಿ ಅಂತ. ಅಂದರೆ ಗಂಟೆಗೆ 210 ಘನ ಮೀಟರ್. ಇದು ಕಿಟಕಿಯಿಂದ ಬರಬಹುದು, ಫಿಲ್ಟರಿನಿಂದ ಬರಬಹುದು, ಯುವಿಯಿಂದ ಬರಬಹುದು. ಎಲ್ಲಾ ಕೂಡಿಸಿ ಲೆಕ್ಕ. ಈ 210 ನೆನಪಿಟ್ಟುಕೊಳ್ಳಿ, ಈಗ ಬೇಕಾಗುತ್ತದೆ.

ಗಾಳಿ ಎಷ್ಟು ಹೊತ್ತು ಬೆಳಕಿನ ಮುಂದೆ ಇರುತ್ತದೆ?

ಯುವಿ ಡಬ್ಬ ಮಾರುವವರು ಹೇಳದ ಮಾತು ಇದೇ. ಕೊಲ್ಲುವುದು ಬೆಳಕೊಂದೇ ಅಲ್ಲ, ಬೆಳಕು ಮತ್ತು ಹೊತ್ತು ಎರಡೂ ಸೇರಿ. ಬೆಳಕಿನ ಬಲವನ್ನು ಸೆಕೆಂಡಿನಿಂದ ಗುಣಿಸಿದರೆ ಸಿಗುವುದು ಡೋಸ್. ಬಟ್ಟೆ ಒಣಗಿಸಿದ ಹಾಗೆ. ಬಿಸಿಲು ಎಷ್ಟೇ ಚುರುಕಾಗಿರಲಿ, ತಂತಿ ಮೇಲೆ ಹಾಕಿ ತಕ್ಷಣ ತೆಗೆದರೆ ಬಟ್ಟೆ ಒದ್ದೆಯೇ.

ಒಂದು ಸಲ ಒಬ್ಬರ ಮನೆಯಲ್ಲಿ ಮೇಜಿನ ಮೇಲಿಡುವ ಯುವಿ ಪ್ಯೂರಿಫೈಯರ್ ಇತ್ತು. ಯಜಮಾನರಿಗೆ ಅದರ ಮೇಲೆ ಭಾರಿ ನಂಬಿಕೆ. ಬಿಚ್ಚಿ ನೋಡಲಾ ಅಂತ ಕೇಳಿದೆ. ಒಪ್ಪಿದರು. ಒಳಗೆ ಬೆಳಕಿನ ಗೂಡು 25 ಸೆಂಟಿಮೀಟರ್ ಉದ್ದ, ಅಗಲ ಎತ್ತರ ಎರಡೂ ಹನ್ನೊಂದೂವರೆ. ಕೈಪಿಡಿಯ ಪ್ರಕಾರ ಗಂಟೆಗೆ 60 ಘನ ಮೀಟರ್ ಗಾಳಿ. ಅಲ್ಲೇ ಕಾಗದ ತೆಗೆದು ಲೆಕ್ಕ ಹಾಕಿದೆವು.

ಅಷ್ಟು ಗಾಳಿ ಅಷ್ಟು ಕಿರಿದಾದ ಗೂಡಿನಲ್ಲಿ ಹೋಗಬೇಕಾದರೆ ಸೆಕೆಂಡಿಗೆ ಸುಮಾರು 1.25 ಮೀಟರ್ ವೇಗ. 25 ಸೆಂಟಿಮೀಟರ್ ದಾಟಲು 0.2 ಸೆಕೆಂಡ್. ಕಣ್ಣು ರೆಪ್ಪೆ ಹೊಡೆಯುವಷ್ಟು ಹೊತ್ತು. ಬೆಳಕಿನ ಬಲ ಚದರ ಸೆಂಟಿಮೀಟರಿಗೆ 2 ಮಿಲಿವಾಟ್ ಅಂತ ಉದಾರವಾಗಿಯೇ ಇಟ್ಟುಕೊಂಡೆವು. ಡೋಸ್ 0.4 ಮಿಲಿಜೂಲ್ ಆಯಿತು. ಯಾವುದೋ ಒಂದು ರೋಗಾಣುವಿನಲ್ಲಿ ನೂರಕ್ಕೆ 90 ಸಾಯಲು 3 ಮಿಲಿಜೂಲ್ ಬೇಕು ಅನ್ನೋಣ. 0.4ರಲ್ಲಿ ಸಾಯುವುದು ನೂರಕ್ಕೆ 26 ಮಾತ್ರ. ಉಳಿದ 74 ಹಾಗೇ ಹೊರಗೆ ಬರುತ್ತವೆ. ಬೂಷ್ಟಿನ ಕಣಗಳಂತೂ ಇನ್ನೂ ಗಟ್ಟಿ, ಅವುಗಳಿಗೆ ಹತ್ತಾರು ಪಟ್ಟು ಡೋಸ್ ಬೇಕಾಗುತ್ತದೆ.

ಇನ್ನೊಂದು ಹೆಜ್ಜೆ ಹೋಗಿ. 60ರಲ್ಲಿ 26 ಶೇಕಡ ಅಂದರೆ ಗಂಟೆಗೆ 16 ಘನ ಮೀಟರ್ ಶುದ್ಧ ಗಾಳಿ. ನಮಗೆ ಬೇಕಾದದ್ದು 210. ಆ ಯಜಮಾನರು ಕಾಗದವನ್ನು ಎರಡು ಸಲ ನೋಡಿದರು. "ಹಾಗಾದರೆ ಇದನ್ನು ಏನು ಮಾಡಲಿ?" ಅಂದರು. "ರಾತ್ರಿ ದೀಪ ಮಾಡಿಕೊಳ್ಳಿ" ಅಂತ ಬಾಯಿಗೆ ಬಂದಿತ್ತು, ನುಂಗಿಕೊಂಡೆ.

ಹಾಗಂತ ಪೆಟ್ಟಿಗೆಗಳೆಲ್ಲ ದಂಡ ಅಂತಲ್ಲ. ಗೂಡು ಉದ್ದವಾಗಿರಬೇಕು, ದೀಪಕ್ಕೆ ಶಕ್ತಿ ಇರಬೇಕು, ಒಳಗೋಡೆ ಅಲ್ಯೂಮಿನಿಯಂ ಆಗಿರಬೇಕು. ಅಲ್ಯೂಮಿನಿಯಂ ಈ ಕಿರಣವನ್ನು ಚೆನ್ನಾಗಿ ಹಿಂದಕ್ಕೆ ಚಿಮ್ಮಿಸುತ್ತದೆ, ಒಂದೇ ಬೆಳಕು ನಾಲ್ಕು ಸಲ ಗಾಳಿಗೆ ತಗಲುತ್ತದೆ. ಇಷ್ಟೆಲ್ಲ ಇದ್ದರೆ ಪೆಟ್ಟಿಗೆ ದೊಡ್ಡದಾಗುತ್ತದೆ. ಅಂಗೈಯಷ್ಟಿದ್ದು ಇಡೀ ಹಾಲ್ ಶುದ್ಧ ಮಾಡುತ್ತೇನೆ ಅನ್ನುವುದನ್ನು ನಂಬಬೇಡಿ.

ಕಾಯಿಲ್ ಮೇಲೆ ಹಾಕುವ ದೀಪ

ನಾನು ಮನಸಾರೆ ಮಾಡುವ ಕೆಲಸ ಇದು. ಯಾಕೆ ಅಂದರೆ ಇಲ್ಲಿ ಹೊತ್ತಿನ ತೊಂದರೆ ಇಲ್ಲ. ಗಾಳಿ ಓಡಿಹೋಗುತ್ತದೆ, ಕಾಯಿಲ್ ಎಲ್ಲಿಗೂ ಹೋಗುವುದಿಲ್ಲ. ದಿನದ 24 ಗಂಟೆ ಬೆಳಕು ಬೀಳುತ್ತಿದ್ದರೆ ಸಣ್ಣ ಬೆಳಕೂ ಸಾಕು. ಕಾಯಿಲ್ ಮತ್ತು ಡ್ರೈನ್ ಟ್ರೇಯಲ್ಲಿ ಬೂಷ್ಟು, ಲೋಳೆ ಬೆಳೆಯುವುದು ನಿಲ್ಲುತ್ತದೆ. ಮುಗ್ಗಲು ವಾಸನೆಗೆ ಮೂಲ ಅದೇ ಆಗಿದ್ದರೆ ವಾಸನೆಯೂ ಹೋಗುತ್ತದೆ.

ಆದರೆ ಗೋಡೆಗೆ ಹಾಕುವ ಸ್ಪ್ಲಿಟ್ ಎಸಿಗೆ ಬೇಡ. ಅದರ ಒಳಗೆ ಜಾಗ ಇಲ್ಲ. ಬ್ಲೋವರ್, ಟ್ರೇ, ಮೈ ಎಲ್ಲಾ ಪ್ಲಾಸ್ಟಿಕ್. ಯುವಿ-ಸಿ ಪ್ಲಾಸ್ಟಿಕನ್ನು ತಿನ್ನುತ್ತದೆ. ಮೊದಲು ಹಳದಿಯಾಗುತ್ತದೆ, ಆಮೇಲೆ ಪುಡಿಯಾಗುತ್ತದೆ. ನಾನು ಶುರುವಿನಲ್ಲಿ ಮಾಡಿದ ಒಂದು ಕೆಲಸದಲ್ಲಿ ವೈರನ್ನು ಮುಚ್ಚದೆ ಹಾಗೇ ಬಿಟ್ಟಿದ್ದೆ. 8 ತಿಂಗಳ ಮೇಲೆ ಹೋಗಿ ನೋಡಿದರೆ ವೈರಿನ ಸಿಪ್ಪೆ ಮುಟ್ಟಿದರೆ ಚಟಪಟ ಒಡೆದು ಉದುರುತ್ತಿತ್ತು. ಒಳಗೆ ತಾಮ್ರ ಬೆತ್ತಲೆ. ತಪ್ಪು ಪೂರ್ತಿ ನನ್ನದೇ. ಅವತ್ತಿನಿಂದ ಕಬ್ಬಿಣದ ಪೈಪಿನೊಳಗೆ ಎಳೆಯದೆ ಒಂದು ವೈರನ್ನೂ ಬಿಟ್ಟಿಲ್ಲ.

ತಗಡಿನ ಡಕ್ಟ್ ಇರುವ ದೊಡ್ಡ ಎಸಿಗೆ ಹೀಗೆ ಮಾಡುತ್ತೇನೆ. ನಿಮ್ಮ ಮೆಕ್ಯಾನಿಕ್ ಮಾಡುವಾಗ ಪಕ್ಕದಲ್ಲಿ ನಿಂತು ನೋಡಿ.

ಮೊದಲು ಮೇನ್ ಆಫ್. ಆಮೇಲೆ ಕಾಯಿಲ್ ಮತ್ತು ಟ್ರೇಯನ್ನು ನೀರು ಹೊಡೆದು ಪೂರ್ತಿ ತೊಳೆಯಬೇಕು. ಇದನ್ನು ಬಿಟ್ಟು ದೀಪ ಹಾಕಿದರೆ ಸುಮ್ನೆ ಕರೆಂಟ್ ದಂಡ. ಯುವಿ ಮೇಲ್ಮೈಗಷ್ಟೇ ತಗಲುತ್ತದೆ, ಧೂಳಿನ ಪದರದ ಕೆಳಗೆ ಇಳಿಯುವುದಿಲ್ಲ.

ದೀಪವನ್ನು ಕಾಯಿಲ್ ದಾಟಿದ ಮೇಲೆ, ತಣ್ಣನೆ ಗಾಳಿ ಹೊರಡುವ ಕಡೆ ಕೂರಿಸುವುದು ರೂಢಿ. ನೀರು ಸೇರುವುದು ಆ ಮೈಯಲ್ಲೇ, ಟ್ರೇ ಕೂಡ ಅಲ್ಲಿಂದ ಕಾಣುತ್ತದೆ. ಕಾಯಿಲ್‌ಗೂ ದೀಪಕ್ಕೂ ಸುಮಾರು 30 ಸೆಂಟಿಮೀಟರ್ ಅಂತರ ಬಿಡುತ್ತೇನೆ, ಕೈಪಿಡಿ ಬೇರೆ ಹೇಳಿದರೆ ಕೈಪಿಡಿಯ ಮಾತು. ತಣ್ಣನೆ ಗಾಳಿ ಬೀಸುವ ಕಡೆ ದೀಪದ ಕಸುವು ಕಡಿಮೆಯಾಗುತ್ತದೆ, ಪಾದರಸದ ದೀಪಕ್ಕೆ ಮೈ ಬೆಚ್ಚಗಿದ್ದರೇ ಬಲ. ಹಾಗಾಗಿ ಡಕ್ಟಿಗೆಂದೇ ಮಾಡಿದ ದೀಪ ತರಿಸಿ.

ಹತ್ತಿರದಲ್ಲಿ ಪ್ಲಾಸ್ಟಿಕ್ ಇದ್ದರೆ, ಫಿಲ್ಟರ್ ಬಟ್ಟೆ ಇದ್ದರೆ ಅಲ್ಯೂಮಿನಿಯಂ ಟೇಪ್ ಸುತ್ತಿ ಇಲ್ಲವೇ ತಗಡು ಅಡ್ಡ ಹಾಕಿ ಮರೆ ಮಾಡಬೇಕು. ಚೋಕನ್ನು ಡಕ್ಟಿನ ಹೊರಗೆ ಕೂರಿಸಬೇಕು.

ಬಾಗಿಲಿಗೆ ಸ್ವಿಚ್. ಇದು ಬಿಟ್ಟರೆ ನಾನು ಕೆಲಸವನ್ನೇ ಒಪ್ಪುವುದಿಲ್ಲ. ಡಕ್ಟಿನ ಬಾಗಿಲು ತೆರೆದ ಕೂಡಲೇ ದೀಪ ತಾನಾಗಿ ಆರಬೇಕು. ನಾಳೆ ಇನ್ಯಾವನೋ ಹುಡುಗ ಸರ್ವಿಸಿಗೆ ಬಂದು ಬಾಗಿಲು ತೆಗೆದು ತಲೆ ಒಳಗೆ ಹಾಕುತ್ತಾನೆ. ಅವನಿಗೆ ಒಳಗೆ ಏನಿದೆ ಅಂತ ಹೇಗೆ ಗೊತ್ತಾಗಬೇಕು? ಹೊರಗೆ ದಪ್ಪ ಅಕ್ಷರದಲ್ಲಿ ಎಚ್ಚರಿಕೆಯ ಚೀಟಿ, ಅದರ ಕೆಳಗೆ ದೀಪ ಹಾಕಿದ ದಿನ.

ಕೊನೆಗೆ ಕತ್ತಲೆ ಪರೀಕ್ಷೆ. ಕೋಣೆಯ ದೀಪಗಳನ್ನೆಲ್ಲ ಆರಿಸಿ, ಡಕ್ಟಿನ ಸಂದಿಗಳಲ್ಲಿ, ಗ್ರಿಲ್‌ನಲ್ಲಿ ನೀಲಿ ಬೆಳಕು ಸೋರುತ್ತಿದೆಯಾ ಅಂತ ದೂರದಿಂದ ನೋಡುವುದು. ಇಣುಕುವುದಲ್ಲ, ದೂರದಿಂದ ನೋಡುವುದು. ಸೋರುತ್ತಿದ್ದರೆ ದೀಪ ಆರಿಸಿ, ಸಂದಿಯನ್ನು ಫಾಯಿಲ್ ಟೇಪಿನಿಂದ ಮುಚ್ಚಿ, ಮತ್ತೆ ನೋಡಬೇಕು.

ಎಸಿ ಆಫ್ ಮಾಡಿದರೂ ದೀಪ ಉರಿಯುತ್ತಲೇ ಇರಲಿ. ಬೂಷ್ಟು ಬೆಳೆಯುವುದು ಎಸಿ ನಿಂತ ಮೇಲೆ, ಒದ್ದೆ ಕಾಯಿಲ್ ಮೆಲ್ಲಗೆ ಬೆಚ್ಚಗಾಗುವಾಗ. ಮೇಲಾಗಿ ಪದೇ ಪದೇ ಹಚ್ಚಿ ಆರಿಸಿದರೆ ದೀಪದ ಆಯಸ್ಸೂ ಕಡಿಮೆ.

ಚಾವಣಿಯ ಹತ್ತಿರ

ಇನ್ನೊಂದು ಬಗೆ ಇದೆ. ಗೋಡೆಯ ಮೇಲ್ಭಾಗದಲ್ಲಿ, ನೆಲದಿಂದ 2.1 ಮೀಟರಿಗಿಂತ ಎತ್ತರದಲ್ಲಿ ದೀಪ. ಮುಂದೆ ಕಿಟಕಿಯ ಪಟ್ಟಿಗಳ ಹಾಗೆ ಕಪ್ಪು ತಗಡಿನ ಪಟ್ಟಿಗಳು. ಬೆಳಕು ಕೆಳಗೆ ಬೀಳದೆ ಚಾವಣಿಯ ಕೆಳಗೆ ಹಾಸಿಗೆ ಹಾಸಿದ ಹಾಗೆ ಹರಡುತ್ತದೆ. ಉಸಿರಿನ ಬೆಚ್ಚನೆ ಗಾಳಿ ಮೇಲೇರಿ ಅಲ್ಲಿ ತೊಳೆದುಕೊಂಡು ಕೆಳಗೆ ಬರುತ್ತದೆ. ಫ್ಯಾನ್ ನಿಧಾನಕ್ಕೆ ತಿರುಗುತ್ತಿದ್ದರೆ ಇನ್ನೂ ಒಳ್ಳೆಯದು, ಮೇಲಿನ ಗಾಳಿ ಕೆಳಗಿನ ಗಾಳಿ ಬೆರೆಯುತ್ತದೆ.

ಜನ ತುಂಬಿರುವ ಕಡೆ, ಕ್ಲಿನಿಕ್ಕಿನ ಕಾಯುವ ಕೋಣೆ, ಹಾಸ್ಟೆಲು, ತರಗತಿ, ಇಂಥಲ್ಲಿ ಯುವಿಯ ನಿಜವಾದ ಬಲ ಕಾಣುವುದು ಇದರಲ್ಲೇ. ಮನೆಯಲ್ಲಿ ಕ್ಷಯದಂಥ ಗಾಳಿಯಲ್ಲಿ ಹರಡುವ ಕಾಯಿಲೆಯವರಿದ್ದು, ಡಾಕ್ಟರೇ ಹೇಳಿದರೆ ಯೋಚಿಸಬಹುದು. ಚಾವಣಿ 2.4 ಮೀಟರಿಗಿಂತ ತಗ್ಗಾಗಿದ್ದರೆ ಬೇಡವೇ ಬೇಡ. ಅಟ್ಟದ ಮೇಲೆ, ಏಣಿ ಮಂಚದ ಮೇಲೆ ಯಾರಾದರೂ ಮಲಗುವ ಕೋಣೆಗೂ ಬೇಡ. ಹಾಕಿದ ಮೇಲೆ ಯುವಿ ಮೀಟರ್ ಇಟ್ಟುಕೊಂಡವರು ಬಂದು ಕಣ್ಣಿನ ಎತ್ತರದಲ್ಲಿ ಕೋಣೆಯ ಮೂಲೆ ಮೂಲೆಯಲ್ಲೂ ಅಳೆಯಬೇಕು. ಇದು ನಾನು ಒಬ್ಬನೇ ಮಾಡುವ ಕೆಲಸ ಅಲ್ಲ, ನೀವಂತೂ ಮಾಡಲೇಬೇಡಿ.

ನನ್ನ ಕಣ್ಣು

ಹತ್ತು ವರ್ಷದ ಹಿಂದೆ ಒಂದು ಬೋಳು ಯುವಿ ಟ್ಯೂಬನ್ನು ಬೆಂಚಿನ ಮೇಲೆ ಹಚ್ಚಿಟ್ಟುಕೊಂಡು ಚೋಕ್ ಸರಿ ಇದೆಯಾ ನೋಡುತ್ತಿದ್ದೆ. ಮಾರಿದವನು ಏನೂ ಹೇಳಿರಲಿಲ್ಲ, ಡಬ್ಬದ ಮೇಲೂ ಏನೂ ಇರಲಿಲ್ಲ. ನೋಡಲು ಎಷ್ಟು ತಂಪಾದ ಬೆಳಕು ಅದು! ಹತ್ತು ನಿಮಿಷ ಅಲ್ಲೇ ಕೂತಿದ್ದೆ. ಬಿಸಿ ಇಲ್ಲ, ಉರಿ ಇಲ್ಲ, ಏನೂ ಗೊತ್ತಾಗಲಿಲ್ಲ. ಮನೆಗೆ ಬಂದು ಊಟ ಮಾಡಿ ಮಲಗಿದೆ.

ನಡುರಾತ್ರಿ ಎಚ್ಚರವಾಯಿತು. ಎರಡು ಕಣ್ಣಿಗೂ ಯಾರೋ ಹಿಡಿ ಮರಳು ಎರಚಿದ ಹಾಗೆ. ತೆರೆದರೆ ಉರಿ, ಮುಚ್ಚಿದರೆ ಚುಚ್ಚು. ನೀರು ಧಾರಾಕಾರ. ಬೆಳಗ್ಗೆ ಹೆಂಡತಿ ಕೈಹಿಡಿದು ಕರೆದುಕೊಂಡು ಹೋದಳು. ಡಾಕ್ಟರು ನೋಡಿದವರೇ "ವೆಲ್ಡಿಂಗ್ ಮಾಡ್ತೀರಾ?" ಅಂದರು. ವೆಲ್ಡಿಂಗ್ ಕಿಡಿ ನೋಡಿದವರಿಗೆ ಆಗುವುದೂ ಇದೇ ಅಂತೆ. ಎರಡು ದಿನಕ್ಕೆ ಸರಿಹೋಯಿತು. ಮುಖದ ಚರ್ಮ ಬಿಸಿಲಿಗೆ ಬೆಂದ ಹಾಗೆ ಕೆಂಪಾಗಿ ಸುಲಿಯಿತು.

ಆಮೇಲೆ ಓದಿ ತಿಳಿದುಕೊಂಡೆ. 254 ನ್ಯಾನೋಮೀಟರಿನ ಕಿರಣಕ್ಕೆ ದಶಕಗಳಿಂದ ಬಳಕೆಯಲ್ಲಿರುವ ಮಿತಿ 8 ಗಂಟೆಯ ದಿನಕ್ಕೆ ಚದರ ಸೆಂಟಿಮೀಟರಿಗೆ 6 ಮಿಲಿಜೂಲ್. ದೀಪದ ಹತ್ತಿರ 100 ಮೈಕ್ರೋವಾಟ್ ಬಲ ಇದ್ದರೆ ಆ ಇಡೀ ದಿನದ ಪಾಲು 60 ಸೆಕೆಂಡಿನಲ್ಲೇ ಮುಗಿಯುತ್ತದೆ. ನಾನು ಹತ್ತು ನಿಮಿಷ ಕೂತಿದ್ದೆ.

ಹಾಗಾಗಿ ಬೋಳು ದೀಪವನ್ನು ಮನೆಯೊಳಗೆ ತರಬೇಡಿ. ರಿಮೋಟ್ ಇದೆ, ಟೈಮರ್ ಇದೆ ಅಂದರೂ ಬೇಡ. ಮಗು ಬಾಗಿಲು ತಳ್ಳಿಕೊಂಡು ಬರುತ್ತದೆ, ಬೆಕ್ಕು ಮಂಚದ ಕೆಳಗೇ ಇರುತ್ತದೆ. ಕೈಯಲ್ಲಿ ಹಿಡಿದು ಸವರುವ ಯುವಿ ಕಡ್ಡಿಗಳ ಬಗ್ಗೆ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರಲ್ಲಿ ಎಚ್ಚರಿಕೆಯನ್ನೇ ಕೊಟ್ಟಿತ್ತು. ಅವುಗಳಲ್ಲಿ ಕೆಲವು ಸೆಕೆಂಡುಗಳಲ್ಲೇ ಕಣ್ಣು, ಚರ್ಮ ಸುಡುವಷ್ಟು ಕಿರಣ ಬಿಡುತ್ತವೆ ಅಂತ. ಗಾಳಿಗೆ ಅವುಗಳಿಂದ ಹೇಗೂ ಉಪಯೋಗ ಇಲ್ಲ.

222 ನ್ಯಾನೋಮೀಟರಿನ ಹೊಸ ಬಗೆಯ ದೀಪಗಳು ಬಂದಿವೆ. ಆ ಕಿರಣ ಚರ್ಮದ ಮೇಲಿನ ಸತ್ತ ಪದರವನ್ನು ದಾಟಿ ಅಷ್ಟಾಗಿ ಒಳಗೆ ಹೋಗುವುದಿಲ್ಲ. ಅವುಗಳಿಗೂ ಮಿತಿ ಇದೆ, ಅವೂ ಸ್ವಲ್ಪ ಓಝೋನ್ ಹುಟ್ಟಿಸುತ್ತವೆ. ನಾನಿನ್ನೂ ಯಾರ ಮನೆಗೂ ಹಾಕಿಲ್ಲ.

ಕೊಳ್ಳುವಾಗ ಕೇಳುವ ಮಾತು

ಓಝೋನ್ ಬರುತ್ತದಾ? ಪಾದರಸದ ದೀಪದಲ್ಲಿ 185 ನ್ಯಾನೋಮೀಟರಿನ ಇನ್ನೊಂದು ಕಿರಣವೂ ಹುಟ್ಟುತ್ತದೆ. ಅದು ಹೊರಗೆ ಬಂದರೆ ಗಾಳಿಯ ಆಕ್ಸಿಜನ್ನು ಓಝೋನ್ ಆಗುತ್ತದೆ. ಒಳ್ಳೆಯ ದೀಪದ ಗಾಜು ಆ ಕಿರಣವನ್ನು ಒಳಗೇ ತಡೆಯುತ್ತದೆ. ಕೆಲವರು ಬೇಕೆಂದೇ ಓಝೋನ್ ಬರುವ ದೀಪ ಮಾರುತ್ತಾರೆ, "ಫ್ರೆಶ್ ವಾಸನೆ" ಅಂತ. ಸಿಡಿಲು ಬಡಿದ ಮೇಲೆ, ಜೆರಾಕ್ಸ್ ಮೆಷಿನ್ ಬಿಸಿಯಾದಾಗ ಬರುವ ಘಾಟು ವಾಸನೆ ಅದು. ಶ್ವಾಸಕೋಶಕ್ಕೆ ಕೆಟ್ಟದ್ದು, ಉಬ್ಬಸ ಇರುವವರಿಗೆ ಇನ್ನೂ ಕೆಟ್ಟದ್ದು. ಯುಎಲ್ 2998 ಎಂಬ ಗುರುತು ಇದ್ದರೆ ಓಝೋನ್ ಇಲ್ಲವೆನ್ನುವಷ್ಟು ಕಡಿಮೆ ಅಂತ ಪರೀಕ್ಷೆಯಾಗಿದೆ ಎಂದರ್ಥ. ಹೊಸ ಯಂತ್ರ ಹಚ್ಚಿದಾಗ ಆ ಘಾಟು ಬಂದರೆ ಆರಿಸಿ, ವಾಪಸ್ ಕೊಡಿ.

99.9 ಶೇಕಡ ಅಂತ ದೊಡ್ಡದಾಗಿ ಬರೆದಿದ್ದರೆ, ಎಷ್ಟು ದೊಡ್ಡ ಕೋಣೆಯಲ್ಲಿ, ಎಷ್ಟು ಹೊತ್ತಿನಲ್ಲಿ ಅಂತ ಕೇಳಿ. ಪುಟ್ಟ ಪೆಟ್ಟಿಗೆಯೊಳಗೆ ಗಂಟೆಗಟ್ಟಲೆ ಓಡಿಸಿದರೆ ಯಾವುದಕ್ಕಾದರೂ 99.9 ಬರುತ್ತದೆ. ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಅನ್ನುವ ಅಂಕಿ ಬೇಕು. ಅದನ್ನು ನಿಮ್ಮ 210ರ ಪಕ್ಕ ಇಟ್ಟು ನೋಡಿ.

ಅಲೆಯ ಉದ್ದ ಎಷ್ಟು? 395, 405 ಅಂತ ಬರೆದಿದ್ದರೆ ಅದು ನೇರಳೆ ಬಣ್ಣದ ಎಲ್‌ಇಡಿ ಅಷ್ಟೇ. ನೋಟಿನ ಗುರುತು ನೋಡಲು ಚೆನ್ನ. ಯುವಿ-ಸಿ ಎಲ್‌ಇಡಿ ಬೇರೆ ಇವೆ, 265ರಿಂದ 280ರ ಆಸುಪಾಸು. ಅವುಗಳಲ್ಲಿ ಪಾದರಸ ಇಲ್ಲ ಅನ್ನುವುದು ಒಳ್ಳೆಯದು, ಆದರೆ ಕರೆಂಟಿನ ಸಣ್ಣ ಪಾಲು ಮಾತ್ರ ಕಿರಣವಾಗುತ್ತದೆ, ಉಳಿದದ್ದು ಬಿಸಿ. ವಾಟ್ ವಿಷಯದಲ್ಲೂ ಇದೇ ಎಚ್ಚರ ಬೇಕು. 36 ವಾಟ್ ದೀಪ ಅಂದರೆ 36 ವಾಟ್ ಯುವಿ ಅಲ್ಲ.

ಟೈಟಾನಿಯಂ ಡೈಆಕ್ಸೈಡ್ ಲೇಪದ ಜಾಲರಿ ಇದೆ, ಯುವಿ ಬಿದ್ದರೆ ಅದು ವಾಸನೆಯನ್ನೂ ತಿನ್ನುತ್ತದೆ ಅನ್ನುವವರಿದ್ದಾರೆ. ಕೆಲಸ ಅರ್ಧಕ್ಕೆ ನಿಂತರೆ ಆ ವಾಸನೆಯೇ ಫಾರ್ಮಾಲ್ಡಿಹೈಡ್ ಎಂಬ ವಿಷಾನಿಲವಾಗಿ ಹೊರಗೆ ಬರಬಹುದು. ನಾನು ದೂರ ಇರುತ್ತೇನೆ. ಬದಲಿ ದೀಪ ಸಿಗುತ್ತದಾ ಅಂತ ಕೇಳುವುದನ್ನೂ ಮರೆಯಬೇಡಿ.

ಹಾಕಿಸಿದ ಮೇಲೆ

ತಿಂಗಳಿಗೊಮ್ಮೆ, ಇಲ್ಲವೇ ಎರಡು ತಿಂಗಳಿಗೊಮ್ಮೆ ದೀಪ ಆರಿಸಿ, ಪ್ಲಗ್ ಕಿತ್ತು, ತಣ್ಣಗಾಗಲು ಬಿಟ್ಟು ಒರೆಸಬೇಕು. ಧೂಳು ಕೂತ ದೀಪದಿಂದ ಕಿರಣ ಹೊರಗೆ ಬರುವುದಿಲ್ಲ. ಮೆತ್ತನೆ ಬಟ್ಟೆಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ. ಕೈಗೆ ಗ್ಲೌಸ್ ಇರಲಿ. ಬೆರಳಿನ ಜಿಡ್ಡು ಬಿಸಿ ಗಾಜಿನ ಮೇಲೆ ಕಲೆಯಾಗಿ ಕೂತುಬಿಡುತ್ತದೆ. ಫಿಲ್ಟರ್ ತೊಳೆಯುವುದನ್ನು ಬಿಟ್ಟರೆ ದೀಪದ ಮೇಲೆ ಇನ್ನೂ ಬೇಗ ಧೂಳು ಕೂರುತ್ತದೆ.

ದೀಪ ಬದಲಿಸುವ ವಿಷಯಕ್ಕೆ ಜಗಳವೇ ಆಗುತ್ತದೆ. ಹೆಚ್ಚಿನ ದೀಪಗಳ ಆಯಸ್ಸು ಸುಮಾರು 9000 ಗಂಟೆ. ಹಗಲು ರಾತ್ರಿ ಉರಿದರೆ ಒಂದು ವರ್ಷ ಚಿಲ್ಲರೆ. ನಾನು ಚೀಟಿಯಲ್ಲಿ ಬರೆದ ದಿನ ನೋಡಿ ಫೋನ್ ಮಾಡುತ್ತೇನೆ. ಒಬ್ಬ ಅಜ್ಜಿ ಪ್ರತಿ ವರ್ಷ ಇದೇ ಮಾತು. "ನೀಲಿ ಬೆಳಕು ಚೆನ್ನಾಗೇ ಬರ್ತಿದೆಯಲ್ಲಪ್ಪಾ, ಯಾಕೆ ಬದಲಿಸಬೇಕು?" ಅಜ್ಜಿ, ಆ ನೀಲಿ ಯುವಿ ಅಲ್ಲ. ಯುವಿ ಕಣ್ಣಿಗೆ ಕಾಣುವುದಿಲ್ಲ. ನೀಲಿ ಅನ್ನುವುದು ಅದರ ಜೊತೆ ಬರುವ ಪುಕ್ಕಟೆ ಬೆಳಕು. ಒಳಗಿನ ಯುವಿ ಕುಂದಿದ ಮೇಲೂ ನೀಲಿ ಉರಿಯುತ್ತಲೇ ಇರುತ್ತದೆ. ಮೂರನೇ ವರ್ಷ ಅಜ್ಜಿ ತಾವೇ ಫೋನ್ ಮಾಡಿ "ದಿನ ಆಯ್ತು ಬಾರಪ್ಪಾ" ಅಂದರು.

ದೀಪ ಒಡೆದರೆ ಗಾಬರಿಯಾಗಬೇಡಿ, ಆದರೆ ಉದಾಸೀನವೂ ಬೇಡ. ಒಳಗೆ ಕೆಲವೇ ಮಿಲಿಗ್ರಾಂ ಪಾದರಸ ಇರುತ್ತದೆ. ಎಸಿ, ಫ್ಯಾನ್ ನಿಲ್ಲಿಸಿ. ಕಿಟಕಿ ತೆರೆದು ಎಲ್ಲರೂ ಹೊರಗೆ ಬಂದು ಒಂದು ಕಾಲು ಗಂಟೆ ಬಿಡಿ. ಆಮೇಲೆ ಗ್ಲೌಸ್ ಹಾಕಿಕೊಂಡು ಗಟ್ಟಿ ರಟ್ಟಿನ ಎರಡು ತುಂಡಿನಿಂದ ಚೂರು ಒಟ್ಟು ಮಾಡಿ. ಸಣ್ಣ ಪುಡಿಯನ್ನು ಅಂಟು ಟೇಪಿಗೆ ಹಿಡಿಸಿ, ಒದ್ದೆ ಕಾಗದದಿಂದ ಒರೆಸಿ. ಎಲ್ಲವನ್ನೂ ಮುಚ್ಚಳ ಇರುವ ಗಾಜಿನ ಡಬ್ಬಿಗೆ ಹಾಕಿ. ವ್ಯಾಕ್ಯೂಮ್ ಕ್ಲೀನರ್ ಬೇಡ, ಪೊರಕೆಯೂ ಬೇಡ. ಎರಡೂ ಪಾದರಸವನ್ನು ಗಾಳಿಗೆ ಎಬ್ಬಿಸುತ್ತವೆ.

ಹಳೇ ದೀಪವನ್ನು ಮನೆಯ ಕಸಕ್ಕೆ ಹಾಕುವ ಹಾಗಿಲ್ಲ. ಇ-ತ್ಯಾಜ್ಯ, ಅಪಾಯಕಾರಿ ಕಸ ತೆಗೆದುಕೊಳ್ಳುವ ಕಡೆ ಕೊಡಬೇಕು. ಹೊಸ ದೀಪ ಬಂದ ರಟ್ಟಿನ ಡಬ್ಬವನ್ನು ಬಿಸಾಡಬೇಡಿ, ಹಳೆಯದನ್ನು ಅದರಲ್ಲೇ ಇಟ್ಟು ನನಗೆ ಕೊಡಿ ಅಂತ ಎಲ್ಲರಿಗೂ ಹೇಳಿಟ್ಟಿದ್ದೇನೆ. ನನ್ನ ಗೋಡೌನಿನ ಮೂಲೆಯಲ್ಲಿ ಈಗ ಏಳು ಡಬ್ಬ ಸೇರಿವೆ. ಅಜ್ಜಿಯದೂ ಒಂದು ಇದೆ.